ಬಾಡಿಗೆ ಸಾಮಾನಿನ ಅಂಗಡಿಗೆ ಡೇಟಾಬೇಸ್: ಚೀಟಿ ಪುಸ್ತಕದಿಂದ ಕಂಪ್ಯೂಟರಿಗೆ, ಹಂತ ಹಂತವಾಗಿ

"ಬರೋ ಗುರುವಾರಕ್ಕೆ ಮುನ್ನೂರು ಕುರ್ಚಿ ಬೇಕಿತ್ತು, ಸಿಗ್ತಾವಾ?" ಎಂದು ಹರಿಹರದಿಂದ ಒಂದು ಫೋನ್ ಬರುತ್ತದೆ. ಅಂಗಡಿಯಲ್ಲಿ ಕೂತವರು ಚೀಟಿ ಪುಸ್ತಕ ತಿರುವುತ್ತಾರೆ. ಗೋಡೆಯ ಕ್ಯಾಲೆಂಡರ್ ಮೇಲೆ ಬರೆದ ಗುರುತು ನೋಡುತ್ತಾರೆ. ಯಜಮಾನರು ಊಟಕ್ಕೆ ಹೋಗಿದ್ದರೆ ಅವರಿಗೆ ಫೋನ್ ಹಚ್ಚುತ್ತಾರೆ. ಉತ್ತರ ಸಿಗುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಯಲ್ಲಿ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ದಾವಣಗೆರೆಯಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆ ಕೊಡುವ ಅಂಗಡಿಗಳಿಗೆ ಕೆಲಸ ಕಮ್ಮಿ ಇಲ್ಲ. ಮದುವೆ, ಗೃಹಪ್ರವೇಶ, ಸೀಮಂತ, ತಿಥಿ ಇದ್ದೇ ಇರುತ್ತವೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಮನೆ ಮನೆಗೂ ನೆಂಟರು, ಮನೆ ಮನೆಗೂ ದೊಡ್ಡ ಪಾತ್ರೆ ಬೇಕು. ಸಾಮಾನು ನಿಟ್ಟುವಳ್ಳಿಗೂ ಹೋಗುತ್ತದೆ, ಜಗಳೂರು ಕಡೆ ಹಳ್ಳಿಗೂ ಹೋಗುತ್ತದೆ. ಇಷ್ಟೆಲ್ಲ ಓಡಾಟವನ್ನು ಒಂದು ಡೂಪ್ಲಿಕೇಟ್ ಪುಸ್ತಕ ಮತ್ತು ಒಬ್ಬರ ನೆನಪು ಹೊತ್ತಿರುತ್ತವೆ. ಆ ಒಬ್ಬರಿಗೆ ಜ್ವರ ಬಂದರೆ ಅಂಗಡಿಗೇ ಜ್ವರ ಬಂದಂತೆ.

ಈ ಅಂಗಡಿಗೆ ಒಂದು ಡೇಟಾಬೇಸನ್ನು ನೀವೇ ಕಟ್ಟಿಕೊಳ್ಳುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ತಾಳ್ಮೆ ಬೇಕು, ಒಂದು ಸಾಧಾರಣ ಕಂಪ್ಯೂಟರ್ ಬೇಕು. ಸೆಂಟ್ರಿಂಗ್ ಶೀಟು, ಜಾಕಿ, ಮೈಕ್ ಸೆಟ್ ಬಾಡಿಗೆ ಕೊಡುವವರಿಗೂ ಇದೇ ಕ್ರಮ ಸರಿಹೋಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬಾಕಿಯನ್ನು ಎಲ್ಲೂ ಬರೆದಿಡಬೇಡಿ. ಹೊರಗೆ ಹೋದದ್ದನ್ನು ಬರೆಯಿರಿ, ವಾಪಸ್ ಬಂದದ್ದನ್ನು ಬರೆಯಿರಿ. ಬಾಕಿ ಎಷ್ಟು ಎಂಬುದನ್ನು ಕಂಪ್ಯೂಟರ್ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಲಿ. ಪುಸ್ತಕದಲ್ಲಿ ಜಗಳ ಹುಟ್ಟುವುದೇ ಬಾಕಿ ಬರೆದ ಜಾಗದಲ್ಲಿ.

## ಹಳೆ ಚೀಟಿಯೊಂದನ್ನು ಮುಂದಿಟ್ಟುಕೊಳ್ಳಿ

ಕಂಪ್ಯೂಟರ್ ಆನ್ ಮಾಡುವ ಮುಂಚೆ ನಿಮ್ಮದೇ ಪುಸ್ತಕದ ಒಂದು ಹಾಳೆ ತೆಗೆದು ನೋಡಿ. ಅದು ಹೆಚ್ಚುಕಮ್ಮಿ ಹೀಗಿರುತ್ತದೆ: ಮೇಲೆ "ಮಂಜಣ್ಣ, ನಿಟ್ಟುವಳ್ಳಿ". ಕೆಳಗೆ "ಕುರ್ಚಿ 200, ತಟ್ಟೆ 150, ದೊ. ಕೊಳಗ 3, ಸೌಟು 6". ಪಕ್ಕದಲ್ಲಿ "ಅಡ್ವಾನ್ಸ್ 1000". ಅಂಚಿನಲ್ಲಿ ಬೇರೆ ಪೆನ್ನಿನಲ್ಲಿ "ತಟ್ಟೆ 13 ಬಾಕಿ". ಆ 13ರ ಮೇಲೆ ಗೀಟು ಎಳೆದು "3". ಅದರ ಕೆಳಗೆ "ನಾಳೆ ಕೊಡ್ತಾರೆ".

ಈ ಒಂದು ಹಾಳೆಯಲ್ಲಿ ಎಷ್ಟು ಪ್ರಶ್ನೆ ಉಳಿದಿವೆ ನೋಡಿ. ಯಾವ ಮಂಜಣ್ಣ? 13 ತಟ್ಟೆ 3 ಆದದ್ದು ಯಾವತ್ತು, ಎಣಿಸಿಕೊಂಡವರು ಯಾರು? "ನಾಳೆ" ಅಂದರೆ ಯಾವ ನಾಳೆ? ದೊಡ್ಡ ಕೊಳಗ ಅಂದರೆ ಎಷ್ಟು ದೊಡ್ಡದು? ಸಾವಿರ ರೂಪಾಯಿ ಬಾಡಿಗೆಗೆ ಮುರಿಯುವ ಅಡ್ವಾನ್ಸಾ, ವಾಪಸ್ ಕೊಡಬೇಕಾದ ಡೆಪಾಸಿಟ್ಟಾ? ಬರೆದವರಿಗೆ ಎಲ್ಲವೂ ಗೊತ್ತಿತ್ತು. ಹಾಳೆಗೆ ಗೊತ್ತಿಲ್ಲ. ಇಂಥ ಹತ್ತಿಪ್ಪತ್ತು ಹಾಳೆ ನೋಡಿ, ಏಳುವ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಡೇಟಾಬೇಸಿನಲ್ಲಿ ಏನೇನು ಇರಬೇಕು ಎಂಬುದನ್ನು ಈ ಪಟ್ಟಿಯೇ ಹೇಳುತ್ತದೆ.

## ಗೋಡೌನ್ ಎಣಿಸಿ, ಹೆಸರು ಗಟ್ಟಿ ಮಾಡಿ

ಈ ಕೆಲಸಕ್ಕೆ ಆಷಾಢ ಒಳ್ಳೆಯ ಕಾಲ. ಮದುವೆ ಇರಲ್ಲ, ಸಾಮಾನೆಲ್ಲ ಮನೆ ಸೇರಿರುತ್ತದೆ. ಆಷಾಢ ತಪ್ಪಿದರೆ ಧನುರ್ಮಾಸ. ವೈಶಾಖದ ನಡುವೆ ಮಾತ್ರ ಕೈ ಹಾಕಬೇಡಿ.

ಎಣಿಸುವಾಗ ಇಬ್ಬರು ಇರಲಿ, ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ. ಬಳಸಲು ಬರುವುದು, ರಿಪೇರಿಗೆ ಹೋಗಬೇಕಾದ್ದು, ಗುಜರಿಗೆ ಹಾಕಬೇಕಾದ್ದು ಎಂದು ಮೂರು ರಾಶಿ ಮಾಡಿ. ಕಾಲು ಸೀಳಿದ ಕುರ್ಚಿಯನ್ನು ಒಳ್ಳೆಯ ಲೆಕ್ಕದಲ್ಲಿ ಸೇರಿಸಿದರೆ ಮುಂದೆ ಕಂಪ್ಯೂಟರ್ "ಸಿಗುತ್ತೆ" ಅನ್ನುತ್ತದೆ, ಮದುವೆ ಮನೆಯಲ್ಲಿ ಮರ್ಯಾದೆ ಹೋಗುತ್ತದೆ.

ಆಮೇಲೆ ಹೆಸರು. "ದೊಡ್ಡ ಕೊಳಗ" ಎಂಬ ಹೆಸರು ಸಾಲದು. ಎಷ್ಟು ಸೇರು ಅಕ್ಕಿ ಬೇಯುತ್ತದೆ ಅಥವಾ ಎಷ್ಟು ಲೀಟರ್ ಹಿಡಿಯುತ್ತದೆ ಎಂಬ ಅಳತೆ ಸೇರಿಸಿ. ಶಾಮಿಯಾನಕ್ಕೆ ಅಡಿ ಲೆಕ್ಕ, ಜಮಖಾನಕ್ಕೂ ಅಡಿ ಲೆಕ್ಕ. ಒಂದೇ ಸಾಮಾನಿಗೆ ಅಂಗಡಿಯಲ್ಲಿ ಎರಡು ಹೆಸರು ಓಡುತ್ತಿದ್ದರೆ ಒಂದನ್ನು ಆರಿಸಿ. ಸಾಮಾನು ಹೊತ್ತು ಹಾಕುವ ಹುಡುಗರು ಬಾಯಲ್ಲಿ ಹೇಳುವ ಹೆಸರನ್ನೇ ಆರಿಸುವುದು ಒಳ್ಳೇದು, ಎಣಿಸುವವರು ಅವರೇ ಅಲ್ವಾ.

ಪ್ರತಿ ಕುರ್ಚಿಗೂ ಬೇರೆ ಬೇರೆ ನಂಬರ್ ಹಾಕಬೇಕಾ ಎಂದು ಕೆಲವರು ಕೇಳುತ್ತಾರೆ. ಬೇಡ. ಕುರ್ಚಿ, ತಟ್ಟೆ, ಲೋಟ ಗುಂಪಾಗಿ ಲೆಕ್ಕ ಇರಲಿ, ಮೇಲೆ ಅಂಗಡಿಯ ಹೆಸರಿನ ಪೇಂಟೋ ಪಂಚೋ ಇದ್ದರೆ ಸಾಕು. ಜನರೇಟರ್, ಆಂಪ್ಲಿಫೈಯರ್, ದೊಡ್ಡ ಗ್ಯಾಸ್ ಒಲೆಯಂಥ ಬೆಲೆಬಾಳುವ ಸಾಮಾನಿಗೆ ಮಾತ್ರ ಒಂದೊಂದಕ್ಕೂ ಬೇರೆ ನಂಬರ್ ಕೊಡಿ.

## ಎಕ್ಸೆಲ್ ಸಾಲದಾ?

ಸಾಮಾನಿನ ಪಟ್ಟಿಗೆ ಎಕ್ಸೆಲ್ ಸಾಕು. ಬಾಡಿಗೆಗೆ ಸಾಲದು. ಒಂದು ಚೀಟಿಯಲ್ಲಿ ಎಂಟು ಬಗೆಯ ಸಾಮಾನು ಇರುತ್ತದೆ. ಒಂದೊಂದು ಬಗೆಯೂ ಎರಡು ಮೂರು ಕಂತಿನಲ್ಲಿ ವಾಪಸ್ ಬರುತ್ತದೆ. ದುಡ್ಡೂ ಕಂತಿನಲ್ಲೇ ಬರುತ್ತದೆ. ಇದನ್ನು ಒಂದೇ ಹಾಳೆಯಲ್ಲಿ ಬರೆಯಲು ಹೋದರೆ ಗಿರಾಕಿಯ ಹೆಸರನ್ನು ಎಂಟು ಸಲ ಬರೆಯಬೇಕು, ಇಲ್ಲವೇ ಕಾಲಂ ಮೇಲೆ ಕಾಲಂ ಸೇರಿಸುತ್ತಾ ಹೋಗಬೇಕು. ಕಿರ್ದಿ, ಖಾತೆ ಬೇರೆ ಬೇರೆ ಇಟ್ಟು ಅಭ್ಯಾಸ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಡೇಟಾಬೇಸ್ ಕೂಡ ಒಂದಕ್ಕೊಂದು ಕೊಂಡಿ ಇರುವ ಕೆಲವು ಪಟ್ಟಿಗಳು, ಅಷ್ಟೇ. ಆ ಪಟ್ಟಿಗಳಿಗೆ ಟೇಬಲ್ ಅನ್ನುತ್ತಾರೆ.

## ಬೇಕಾದ ಏಳು ಟೇಬಲ್

ಗಿರಾಕಿ. ನಂಬರ್, ಹೆಸರು, ಮೊಬೈಲ್, ಇನ್ನೊಂದು ಮೊಬೈಲ್, ಊರು ಅಥವಾ ಬಡಾವಣೆ, ಗುರುತು. ಗುರುತು ಅಂದರೆ ಯಾರ ಕಡೆಯವರು, ಮನೆ ಎಲ್ಲಿ ಎಂಬುದು. ಮೊಬೈಲ್ ನಂಬರನ್ನು ಅಂಕಿ ಎಂದು ಇಡಬೇಡಿ, ಟೆಕ್ಸ್ಟ್ ಎಂದು ಇಡಿ. ಅದನ್ನು ಯಾರೂ ಕೂಡಿ ಕಳೆಯುವುದಿಲ್ಲ. ಬರೀ ಹತ್ತು ಅಂಕಿ ಬರೆಯಿರಿ, ಮುಂದೆ ಸೊನ್ನೆ, ನಡುವೆ ಜಾಗ ಬೇಡ. ಹೆಸರು ನಾಲ್ಕು ಥರ ಬರೆಯಬಹುದು, ಹುಡುಕುವಾಗ ಕೈಹಿಡಿಯುವುದು ಈ ಹತ್ತು ಅಂಕಿ.

ಸಾಮಾನು. ನಂಬರ್, ಹೆಸರು, ಅಳತೆ, ಈಗಿನ ಬಾಡಿಗೆ ದರ, ಕಳೆದರೆ ವಸೂಲಿ ಮಾಡುವ ಬೆಲೆ.

ಸ್ಟಾಕ್. ತಾರೀಖು, ಯಾವ ಸಾಮಾನು, ಎಷ್ಟು ಸೇರಿತು ಅಥವಾ ಎಷ್ಟು ಹೋಯಿತು, ಕಾರಣ. ಗೋಡೌನ್ ಎಣಿಕೆಯೇ ಮೊದಲ ಸಾಲು. ಹೊಸ ಕುರ್ಚಿ ಕೊಂಡರೆ ಕೂಡಿಸುವ ಸಾಲು, ಗುಜರಿಗೆ ಹಾಕಿದರೆ ಮೈನಸ್ ಸಾಲು. "ಒಟ್ಟು ಕುರ್ಚಿ 500" ಎಂದು ಒಂದು ಕಡೆ ಬರೆದು ಅದನ್ನೇ ತಿದ್ದುತ್ತಾ ಹೋದರೆ ಆರು ತಿಂಗಳಾದ ಮೇಲೆ ಯಾಕೆ 480 ಆಯಿತು ಎಂದು ಹೇಳಲು ಯಾರಿಗೂ ಆಗಲ್ಲ.

ಚೀಟಿ. ಚೀಟಿ ನಂಬರ್, ಯಾವ ಗಿರಾಕಿ, ಬರೆದ ತಾರೀಖು, ಸಾಮಾನು ಹೊರಡುವ ತಾರೀಖು, ವಾಪಸ್ ಬರಬೇಕಾದ ತಾರೀಖು, ಎಲ್ಲಿಗೆ, ಗಾಡಿ ಬಾಡಿಗೆ ಮತ್ತು ಹಮಾಲಿ, ಹಳೆ ಪುಸ್ತಕದ ನಂಬರ್ ಇದ್ದರೆ ಅದು.

ಚೀಟಿ ಸಾಲು. ಯಾವ ಚೀಟಿ, ಯಾವ ಸಾಮಾನು, ಎಷ್ಟು, ಎಷ್ಟು ದಿನದ ಲೆಕ್ಕ, ದರ. ಸಾಮಾನು ಟೇಬಲ್ಲಿನಲ್ಲಿ ದರ ಇದೆಯಲ್ಲ, ಇಲ್ಲಿ ಮತ್ತೆ ಯಾಕೆ ಅನ್ನಿಸಬಹುದು. ಬೇಕು. ಅಲ್ಲಿರುವುದು ಇವತ್ತಿನ ದರ. ಇಲ್ಲಿರಬೇಕಾದ್ದು ಆ ಗಿರಾಕಿಗೆ ಅವತ್ತು ಒಪ್ಪಿಕೊಂಡ ದರ. ದೀಪಾವಳಿಗೆ ದರ ಏರಿಸಿದರೆ ಯುಗಾದಿಯ ಹಳೆ ಬಾಕಿ ತಾನಾಗಿ ಏರಿಬಿಡಬಾರದು.

ವಾಪಸಾತಿ. ಯಾವ ಚೀಟಿ ಸಾಲು, ತಾರೀಖು, ಎಷ್ಟು, ಸ್ಥಿತಿ, ಎಣಿಸಿಕೊಂಡವರು. ಸ್ಥಿತಿಗೆ ಮೂರೇ ಉತ್ತರ: ಸರಿ, ಮುರಿದದ್ದು, ಕಳೆದದ್ದು. ಕಳೆದ ಮೂರು ತಟ್ಟೆಗೆ ಗಿರಾಕಿ ದುಡ್ಡು ಕಟ್ಟಿದರೆ "3, ಕಳೆದದ್ದು" ಎಂದು ಒಂದು ಸಾಲು ಬರೆಯಿರಿ. ಅವರ ಬಾಕಿ ತೀರುತ್ತದೆ. ಜೊತೆಗೆ ಸ್ಟಾಕ್ ಟೇಬಲ್ಲಿನಲ್ಲಿ ಮೈನಸ್ 3 ಬರೆಯಿರಿ, ಗೋಡೌನ್ ಲೆಕ್ಕವೂ ಸರಿಯಾಗುತ್ತದೆ. ಮುರಿದು ಬಂದದ್ದನ್ನೂ ಹೀಗೇ ಕಳೆಯಿರಿ, ರಿಪೇರಿ ಆಗಿ ಬಂದ ದಿನ ಮತ್ತೆ ಕೂಡಿಸಿ.

ಹಣ. ಯಾವ ಚೀಟಿ, ತಾರೀಖು, ಮೊತ್ತ, ಬಗೆ, ನಗದೋ ಫೋನ್‌ಪೇಯೋ. ಬಗೆಯಲ್ಲಿ ಅಡ್ವಾನ್ಸ್, ಡೆಪಾಸಿಟ್, ಬಾಡಿಗೆ, ನಷ್ಟದ ವಸೂಲಿ, ಡೆಪಾಸಿಟ್ ವಾಪಸ್ ಎಂದು ಬೇರೆ ಬೇರೆ ಇರಲಿ. ಡೆಪಾಸಿಟ್ ನಿಮ್ಮ ದುಡ್ಡಲ್ಲ, ವಾಪಸ್ ಕೊಡಬೇಕಾದ್ದು. ಅದನ್ನು ಬಾಡಿಗೆಯ ಜೊತೆ ಕೂಡಿಸಿದರೆ ತಿಂಗಳ ಕೊನೆಗೆ ಲಾಭ ಸುಮ್ನೆ ಜಾಸ್ತಿ ಕಾಣುತ್ತದೆ.

ಯಾವ ಕಾಲಂ ಕಡ್ಡಾಯ ಎಂದು ಇಲ್ಲೇ ಯೋಚಿಸಿ. ಕಂಪ್ಯೂಟರ್ ಕಲಿತ ಹುಡುಗರು ಎಲ್ಲವನ್ನೂ ಕಡ್ಡಾಯ ಮಾಡಲು ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಸಾವಿನ ಮನೆಯಿಂದ ಒಬ್ಬರು ಬಂದು ಶಾಮಿಯಾನ, ಕುರ್ಚಿ ಕೇಳಿದರೆ ಅಡ್ವಾನ್ಸ್ ಕೇಳಲು ಆಗುತ್ತದಾ? ಎರಡನೇ ಮೊಬೈಲ್ ನಂಬರ್ ಕೇಳಲು ಆಗುತ್ತದಾ? ಹೆಸರು, ಹೊರಟ ತಾರೀಖು, ಸಾಮಾನು, ಎಣಿಕೆ ಇಷ್ಟು ಕಡ್ಡಾಯ ಇರಲಿ. ಉಳಿದದ್ದು ಆಮೇಲೆ ತುಂಬಬಹುದು.

ಆಧಾರ್ ನಂಬರಿಗೆ ಒಂದು ಕಾಲಂ ಮಾಡಬೇಡಿ. ಅದು ನಿಮಗೆ ಯಾವ ಲೆಕ್ಕಕ್ಕೂ ಬೇಕಾಗಲ್ಲ, ಸೋರಿದರೆ ಗಿರಾಕಿಗೆ ತೊಂದರೆ. ಗೊತ್ತಿಲ್ಲದವರು ಬಂದಾಗ ಗುರುತು ನೋಡಲೇಬೇಕು ಅಂದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೋರಿಸಿದರೆ ಸಾಕು.

## ಲಿಬ್ರೆಆಫೀಸ್ ಬೇಸ್‌ನಲ್ಲಿ ಕಟ್ಟುವುದು

ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಅದರಲ್ಲಿರುವ ಬೇಸ್ ಎಂಬ ಭಾಗ ನಮಗೆ ಬೇಕಾದ್ದು. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಬೇಸ್‌ಗೆ ಜಾವಾ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು. ಲಿಬ್ರೆಆಫೀಸ್ 64 ಬಿಟ್‌ನದಾದರೆ ಜಾವಾ ಕೂಡ 64 ಬಿಟ್‌ನದೇ ಇರಬೇಕು, ಇಲ್ಲದಿದ್ದರೆ ಡೇಟಾಬೇಸ್ ತೆರೆಯುವುದಿಲ್ಲ. ಟೂಲ್ಸ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿ ಜಾವಾ ಕಾಣುತ್ತಿದೆಯಾ ನೋಡಿ.

ಅದೇ ಆಪ್ಷನ್ಸ್‌ನಲ್ಲಿ ಭಾಷೆಯ ಜಾಗಕ್ಕೆ ಹೋಗಿ ಲೊಕೇಲನ್ನು, ಅಂದರೆ ತಾರೀಖು ಬರೆಯುವ ಕ್ರಮ ಯಾವ ದೇಶದ್ದು ಎಂಬುದನ್ನು, ಭಾರತ ಎಂದು ಮಾಡಿ. ಅಮೆರಿಕದ್ದು ಇದ್ದರೆ ಜೂನ್ 5 ಎಂದು ನೀವು ಹೊಡೆದದ್ದು ಮೇ 6 ಆಗಿಬಿಡಬಹುದು. ಬಾಡಿಗೆ ಅಂಗಡಿಯಲ್ಲಿ ತಾರೀಖು ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಬೇಸ್ ತೆರೆದು ಹೊಸ ಡೇಟಾಬೇಸ್ ಮಾಡಿ, ಎಂಬೆಡೆಡ್ ಎಚ್‌ಎಸ್‌ಕ್ಯೂಎಲ್‌ಡಿಬಿ ಆರಿಸಿ (ಎಲ್ಲ ಟೇಬಲ್ ಒಂದೇ ಫೈಲಿನೊಳಗೆ ಇರುವ ಬಗೆ ಇದು), ಫೈಲಿಗೆ ಹೆಸರು ಕೊಟ್ಟು ಉಳಿಸಿ. ಆಮೇಲೆ ಟೇಬಲ್ಸ್ ಒತ್ತಿ, ಡಿಸೈನ್ ವ್ಯೂನಲ್ಲಿ ಒಂದೊಂದೇ ಟೇಬಲ್ ಕಟ್ಟಿ. ಟೇಬಲ್ ಮತ್ತು ಕಾಲಂ ಹೆಸರುಗಳನ್ನು ಜಾಗ ಬಿಡದೆ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಮುಂದೆ ಬೇರೆ ಸಾಫ್ಟ್‌ವೇರಿಗೆ ಹೋಗುವಾಗ ತೊಂದರೆ ಇರಲ್ಲ. ಪರದೆ ಮೇಲೆ ಕಾಣುವ ಲೇಬಲ್‌ಗಳು ಕನ್ನಡದಲ್ಲಿ ಇರಲಿ.

ಪ್ರತಿ ಟೇಬಲ್ಲಿಗೂ ಮೊದಲ ಕಾಲಂ ನಂಬರ್. ಅದರ ಬಗೆ ಇಂಟಿಜರ್ (ಪೂರ್ಣ ಸಂಖ್ಯೆ), ಆಟೋವ್ಯಾಲ್ಯೂ (ನಂಬರನ್ನು ಕಂಪ್ಯೂಟರೇ ಕೊಡುವುದು) ಎಸ್, ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರೈಮರಿ ಕೀ, ಅಂದರೆ ಒಂದೊಂದು ಸಾಲನ್ನೂ ಗುರುತಿಸುವ ಕಾಲಂ, ಎಂದು ಆರಿಸಿ. ತಾರೀಖಿಗೆ ಡೇಟ್, ದುಡ್ಡಿಗೆ ಡೆಸಿಮಲ್, ಹೆಸರಿಗೆ ಮತ್ತು ಮೊಬೈಲಿಗೆ ಟೆಕ್ಸ್ಟ್. ಇನ್ನೊಂದು ಟೇಬಲ್ಲಿಗೆ ಕೊಂಡಿ ಆಗುವ ಕಾಲಂ, ಅಂದರೆ ಚೀಟಿಯಲ್ಲಿರುವ ಗಿರಾಕಿ ನಂಬರ್‌ನಂಥದ್ದು, ಇಂಟಿಜರ್ ಇರಬೇಕು, ಆದರೆ ಆಟೋವ್ಯಾಲ್ಯೂ ಇರಬಾರದು. ಹೊಸಬರು ಜಾಸ್ತಿ ಎಡವುವುದು ಇಲ್ಲಿ.

ಏಳೂ ಟೇಬಲ್ ಆದ ಮೇಲೆ ಟೂಲ್ಸ್ ಮೆನುವಿನ ರಿಲೇಷನ್‌ಶಿಪ್ಸ್ ತೆರೆಯಿರಿ. ಗಿರಾಕಿಯ ನಂಬರನ್ನು ಚೀಟಿಯ ಗಿರಾಕಿ ಕಾಲಂ ಮೇಲೆ ಎಳೆದು ಬಿಡಿ, ನಡುವೆ ಒಂದು ಗೆರೆ ಮೂಡುತ್ತದೆ. ಹಾಗೇ ಚೀಟಿಯಿಂದ ಚೀಟಿ ಸಾಲಿಗೆ, ಚೀಟಿಯಿಂದ ಹಣಕ್ಕೆ, ಸಾಮಾನಿನಿಂದ ಚೀಟಿ ಸಾಲಿಗೆ, ಸಾಮಾನಿನಿಂದ ಸ್ಟಾಕಿಗೆ, ಚೀಟಿ ಸಾಲಿನಿಂದ ವಾಪಸಾತಿಗೆ. ಅಳಿಸಿದರೆ ಏನಾಗಬೇಕು ಎಂದು ಕೇಳುವಲ್ಲಿ ನೋ ಆ್ಯಕ್ಷನ್ ಹಾಗೇ ಇರಲಿ. ಆಗ ಚೀಟಿ ಇರುವ ಗಿರಾಕಿಯನ್ನು ಯಾರಾದರೂ ಕೈತಪ್ಪಿ ಅಳಿಸಲು ಹೋದರೆ ಬೇಸ್ ಬಿಡುವುದಿಲ್ಲ.

ಟೇಬಲ್ಲಿನಲ್ಲಿ ನೇರವಾಗಿ ಬರೆಯುವ ಅಭ್ಯಾಸ ಬೇಡ. ಫಾರ್ಮ್ ವಿಝಾರ್ಡ್ ಬಳಸಿ ಚೀಟಿಗೆ ಒಂದು ಫಾರ್ಮ್ ಮಾಡಿ, ಅದರೊಳಗೆ ಚೀಟಿ ಸಾಲನ್ನು ಸಬ್‌ಫಾರ್ಮ್ ಮಾಡಿ. ಮೇಲೆ ಗಿರಾಕಿ ಮತ್ತು ತಾರೀಖು, ಕೆಳಗೆ ಸಾಮಾನಿನ ಸಾಲುಗಳು. ನೋಡಲು ನಿಮ್ಮ ಹಳೆ ಚೀಟಿಯ ಹಾಗೇ ಇರುತ್ತದೆ. ಸಾಮಾನಿನ ಜಾಗದಲ್ಲಿ ಲಿಸ್ಟ್ ಬಾಕ್ಸ್ ಹಾಕಿ, ಹೆಸರು ಹೊಡೆಯುವ ಬದಲು ಪಟ್ಟಿಯಿಂದ ಆರಿಸಲಿ. ವಾಪಸಾತಿಗೆ ಬೇರೆಯದೇ ಫಾರ್ಮ್ ಇರಲಿ. ಸಂಜೆ ಗಾಡಿ ಬಂದು ನಿಂತಾಗ ತೆರೆಯುವುದು ಅದನ್ನೇ.

## ಕನ್ನಡ ಹೊಡೆಯುವಾಗ

ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಥರ ಓದಲು ಬರುವ ಅಕ್ಷರ ಕ್ರಮ, ಬಿಟ್ಟು ಬೇರೆ ಏನೂ ಬಳಸಬೇಡಿ. ಡಿಟಿಪಿ ಅಂಗಡಿಗಳಲ್ಲಿ ಓಡುವ ಹಳೆ ಆಸ್ಕಿ ಫಾಂಟಿನಲ್ಲಿ ಹೊಡೆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಎಲ್ಲ ಗೊಜಲಾಗಿ ಕಾಣುತ್ತದೆ, ಹುಡುಕಲೂ ಬರಲ್ಲ. ಈಗಿನ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ.

ಇನ್ನೊಂದು ಸಣ್ಣ ತೊಡಕು ಇದೆ. ಅರ್ಧಾಕ್ಷರ ಬರುವ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳಬಹುದು. ಎರಡು "ಮಂಜುನಾಥ್" ನೋಡಲು ಒಂದೇ ಥರ ಇದ್ದರೂ ಕಂಪ್ಯೂಟರಿಗೆ ಬೇರೆ ಬೇರೆ. ಮೊಬೈಲ್ ನಂಬರಿನಿಂದ ಹುಡುಕಿ ಎಂದು ಹೇಳಿದ್ದು ಇದಕ್ಕೇ.

## ಮೂರು ಪ್ರಶ್ನೆ, ಮೂರು ಕ್ವೆರಿ

ಟೇಬಲ್ಲುಗಳಿಗೆ ನಾವು ಕೇಳುವ, ಉಳಿಸಿಟ್ಟು ಮತ್ತೆ ಮತ್ತೆ ಬಳಸಬಹುದಾದ ಪ್ರಶ್ನೆಗೆ ಕ್ವೆರಿ ಅನ್ನುತ್ತಾರೆ. ಡೇಟಾಬೇಸಿನ ಜೀವ ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಯಾರ ಹತ್ತಿರ ಏನು ಬಾಕಿ? ಮೇಲಿನ ಮಂಜಣ್ಣನ ತಟ್ಟೆಯನ್ನೇ ತೆಗೆದುಕೊಳ್ಳಿ. ಹೋದದ್ದು 150. ವಾಪಸಾತಿಯಲ್ಲಿ ಎರಡು ಸಾಲು, 137 ಮತ್ತು 10. ಬಾಕಿ 3 ಬರಬೇಕು. ಚೀಟಿ ಸಾಲು ಮತ್ತು ವಾಪಸಾತಿ ಎರಡನ್ನೂ ಒಂದೇ ಕ್ವೆರಿಯಲ್ಲಿ ಸೇರಿಸಿ ಎರಡೂ ಕಡೆ ಕೂಡಿಸಲು ಹೇಳಿದರೆ ಏನಾಗುತ್ತದೆ ಗೊತ್ತಾ? ವಾಪಸಾತಿ ಸಾಲು ಎರಡು ಇರುವುದರಿಂದ 150 ಎರಡು ಸಲ ಬರುತ್ತದೆ, 300 ಆಗುತ್ತದೆ. ಬಾಕಿ 153 ಎಂದು ತೋರಿಸುತ್ತದೆ. ಗಿರಾಕಿಗೆ ಹಾಗೇ ಫೋನ್ ಮಾಡಿದರೆ ಸಂಬಂಧವೇ ಹಾಳು.

ಆದ್ದರಿಂದ ಎರಡು ಹೆಜ್ಜೆ ಇಡಿ. ಮೊದಲು ವಾಪಸಾತಿ ಟೇಬಲ್ ಒಂದನ್ನೇ ತೆಗೆದು, ಚೀಟಿ ಸಾಲಿನ ನಂಬರ್ ಪ್ರಕಾರ ಗುಂಪು ಮಾಡಿ, ಎಣಿಕೆ ಕೂಡಿಸಿ. ಒಂದೊಂದು ಸಾಲಿಗೆ ಒಂದೇ ಮೊತ್ತ ಬರುತ್ತದೆ, ಇಲ್ಲಿ 147. ಈ ಕ್ವೆರಿಯನ್ನು ಹೆಸರು ಕೊಟ್ಟು ಉಳಿಸಿ. ಎರಡನೇ ಕ್ವೆರಿಯಲ್ಲಿ ಚೀಟಿ ಸಾಲಿನ ಪಕ್ಕ ಈ ಉಳಿಸಿದ ಕ್ವೆರಿಯನ್ನು ಇಟ್ಟು ಕಳೆಯಿರಿ. 150ರಲ್ಲಿ 147 ಹೋದರೆ 3.

ಇಲ್ಲೇ ಇನ್ನೊಂದು ಗುಂಡಿ ಇದೆ. ಒಂದೂ ತಟ್ಟೆ ವಾಪಸ್ ಬಾರದ ಚೀಟಿಗೆ ವಾಪಸಾತಿಯಲ್ಲಿ ಸಾಲೇ ಇರುವುದಿಲ್ಲ. ಮಾಮೂಲಿ ಜೋಡಣೆಯಲ್ಲಿ ಅಂಥ ಚೀಟಿ ಪಟ್ಟಿಯಿಂದಲೇ ಮಾಯ. ಪೂರ್ತಿ ಬಾಕಿ ಇರುವವರೇ ಕಾಣುವುದಿಲ್ಲ, ನಮಗೆ ಮೊದಲು ಬೇಕಾದವರೇ ಅವರು. ಕ್ವೆರಿ ಡಿಸೈನ್‌ನಲ್ಲಿ ಎರಡು ಟೇಬಲ್ ನಡುವಿನ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ ಲೆಫ್ಟ್ ಜಾಯಿನ್ ಆರಿಸಿ, ಚೀಟಿ ಸಾಲಿನ ಎಲ್ಲವೂ ಬರಲಿ ಎಂದು ಹೇಳಿ. ಆಗ ವಾಪಸಾತಿ ಜಾಗ ಖಾಲಿ ಬರುತ್ತದೆ. ಖಾಲಿಯನ್ನು ಕಳೆದರೆ ಉತ್ತರವೂ ಖಾಲಿ. ಹಾಗಾಗಿ ಕೋಅಲೆಸ್ (COALESCE) ಎಂಬ ಫಂಕ್ಷನ್ ಬಳಸಿ ಖಾಲಿ ಇದ್ದಲ್ಲಿ ಸೊನ್ನೆ ಎಂದು ತಿಳಿಯಲು ಹೇಳಿ.

ಹಣದ ಬಾಕಿಗೂ ಇದೇ ಕ್ರಮ. ಚೀಟಿ ಪ್ರಕಾರ ಬಿಲ್ ಕೂಡಿಸಿ ಒಂದು ಕ್ವೆರಿ, ಚೀಟಿ ಪ್ರಕಾರ ಡೆಪಾಸಿಟ್ ಬಿಟ್ಟು ಬಂದ ಹಣ ಕೂಡಿಸಿ ಇನ್ನೊಂದು, ಆಮೇಲೆ ಎರಡನ್ನೂ ಜೋಡಿಸುವುದು.

ಗಡುವು ದಾಟಿದವರು ಯಾರು? ಮೇಲಿನ ಪಟ್ಟಿಗೇ ವಾಪಸ್ ಬರಬೇಕಾದ ತಾರೀಖು ಇವತ್ತಿಗಿಂತ ಹಿಂದಿನದು ಎಂಬ ಷರತ್ತು ಸೇರಿಸಿ. ಮೊಬೈಲ್ ನಂಬರ್ ಜೊತೆಗೇ ಬರಲಿ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಫೋನ್ ಮಾಡಲು ಪಟ್ಟಿ ಸಿದ್ಧ.

ಗುರುವಾರಕ್ಕೆ ಮುನ್ನೂರು ಕುರ್ಚಿ ಸಿಗುತ್ತಾ? ಗಿರಾಕಿ ಕೇಳುವ ದಿನಗಳಿಗೂ ಈಗಾಗಲೇ ಬರೆದ ಚೀಟಿಗಳ ದಿನಗಳಿಗೂ ಮುಟ್ಟುತ್ತದಾ ನೋಡಬೇಕು. ನಿಯಮ ಸರಳ: ಹಳೆ ಚೀಟಿ ಹೊರಡುವ ದಿನ ಹೊಸ ಗಿರಾಕಿಯ ವಾಪಸ್ ದಿನದಂದು ಅಥವಾ ಅದಕ್ಕೆ ಮೊದಲು ಇರಬೇಕು, ಮತ್ತು ಹಳೆ ಚೀಟಿಯ ವಾಪಸ್ ದಿನ ಹೊಸ ಗಿರಾಕಿ ಒಯ್ಯುವ ದಿನದಂದು ಅಥವಾ ಅದಾದ ಮೇಲೆ ಇರಬೇಕು. ಎರಡೂ ನಿಜವಾದರೆ ಮುಟ್ಟುತ್ತದೆ.

ನಿಮ್ಮ ಹತ್ತಿರ 500 ಕುರ್ಚಿ ಇವೆ ಅನ್ನಿ. ಒಂದು ಚೀಟಿ 12ರಿಂದ 14ಕ್ಕೆ, 200 ಕುರ್ಚಿ. ಇನ್ನೊಂದು 14ರಿಂದ 15ಕ್ಕೆ, 150. ಹೊಸಬರು 13, 14ಕ್ಕೆ 300 ಕೇಳುತ್ತಿದ್ದಾರೆ. ಎರಡೂ ಚೀಟಿ ಮುಟ್ಟುತ್ತವೆ, 350 ಹೋದರೆ ಉಳಿಯುವುದು 150. 300 ಆಗಲ್ಲ ಎಂದು ಫೋನ್ ಇಡುವ ಮುಂಚೆಯೇ ಹೇಳಬಹುದು.

ಈ ಲೆಕ್ಕ ಸ್ವಲ್ಪ ಹೆದರಿಕೆಯ ಕಡೆಗೆ ವಾಲುತ್ತದೆ. ಗಿರಾಕಿ ನಾಲ್ಕೈದು ದಿನ ಕೇಳಿದಾಗ ಮೊದಲ ದಿನ ಮುಗಿಯುವ ಚೀಟಿಯನ್ನೂ ಕೊನೆಯ ದಿನ ಹೊರಡುವ ಚೀಟಿಯನ್ನೂ ಕೂಡಿಸಿಬಿಡುತ್ತದೆ, ನಿಜದಲ್ಲಿ ಆ ಎರಡೂ ಒಂದೇ ದಿನ ಹೊರಗಿರುವುದಿಲ್ಲ. ಸೀಸನ್‌ನಲ್ಲಿ "ಇಲ್ಲ" ಎಂದು ಬಂದರೆ ಒಂದೊಂದೇ ದಿನ ಹಾಕಿ ಮತ್ತೆ ನೋಡಿ, ಸಿಕ್ಕರೂ ಸಿಗಬಹುದು. ಕ್ವೆರಿಯ ಷರತ್ತಿನಲ್ಲಿ ಕೋಲನ್ ಹಾಕಿ ಒಂದು ಹೆಸರು ಬರೆದರೆ ಬೇಸ್ ಪ್ರತಿ ಸಲ ತಾರೀಖು ಕೇಳಿ ಪಡೆಯುತ್ತದೆ, ಕ್ವೆರಿ ತಿದ್ದುವುದು ಬೇಡ.

ಎರಡು ಸಂಗತಿ ಮರೆಯಬೇಡಿ. ಪಾತ್ರೆ ವಾಪಸ್ ಬಂದ ದಿನವೇ ಇನ್ನೊಬ್ಬರಿಗೆ ಹೋಗಲ್ಲ, ತಿಕ್ಕಿ ಒಣಗಿಸಬೇಕು. ಹಾಗಾಗಿ ಪಾತ್ರೆಗಳಿಗೆ ವಾಪಸ್ ದಿನಕ್ಕೆ ಒಂದು ದಿನ ಸೇರಿಸಿ ಲೆಕ್ಕ ಹಾಕಿಸಿ. ಮತ್ತೆ, ಗಡುವು ದಾಟಿಯೂ ಬಾರದ ಸಾಮಾನು ಕಾಗದದ ಮೇಲೆ ಬಂದಿರಬೇಕು, ನಿಜದಲ್ಲಿ ಬಂದಿಲ್ಲ. ಅದನ್ನು ಇನ್ನೂ ಹೊರಗಿದೆ ಎಂದೇ ಕಳೆಯಬೇಕು.

## ಹಳೆ ಪುಸ್ತಕದಿಂದ ಏನನ್ನು ತರಬೇಕು

ಎಲ್ಲವನ್ನೂ ಹೊಡೆಯಲು ಹೋಗಬೇಡಿ. ಹತ್ತು ವರ್ಷದ ಚೀಟಿಗಳನ್ನು ಕೂತು ಹೊಡೆಯಲು ಶುರುಮಾಡಿದವರು ನಡುವೆ ಬೇಸತ್ತು ಇಡೀ ಕೆಲಸವನ್ನೇ ಕೈಬಿಡುತ್ತಾರೆ. ಒಂದು ತಾರೀಖು ಗೊತ್ತು ಮಾಡಿ. ಅವತ್ತಿಗೆ ಹೊರಗಿರುವ ಸಾಮಾನಿನ ಚೀಟಿ, ಉದ್ರಿ ಉಳಿದಿರುವ ಚೀಟಿ, ಮುಂದಿನ ತಾರೀಖಿಗೆ ಬುಕ್ ಆದ ಚೀಟಿ ಇಷ್ಟನ್ನು ಮಾತ್ರ ತನ್ನಿ. ಹಳೆ ಪುಸ್ತಕದ ನಂಬರನ್ನು ಅದರ ಕಾಲಮ್ಮಿನಲ್ಲಿ ಬರೆಯಿರಿ, ಗಿರಾಕಿ ತಮ್ಮ ಕಾರ್ಬನ್ ಪ್ರತಿ ಹಿಡಿದು ಬಂದರೆ ಸಿಗಬೇಕು. ಮುಗಿದುಹೋದ ಚೀಟಿಗಳು ಪುಸ್ತಕದಲ್ಲೇ ಇರಲಿ.

ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು ಎಂಬ ನಿಯಮ ಇದೆ. ಬಾಡಿಗೆ ಕೊಡುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ನಿಮ್ಮದು ಅದರ ಹತ್ತಿರ ಬಂದಿದೆಯಾ ಎಂದು ಡೇಟಾಬೇಸೇ ಹೇಳುತ್ತದೆ, ಆಡಿಟರ್ ಹತ್ತಿರ ಆ ಅಂಕಿ ಹಿಡಿದೇ ಹೋಗಿ.

## ಒಂದು ತಿಂಗಳು ಎರಡೂ ನಡೆಯಲಿ

ಶುರುವಿನ ಒಂದು ತಿಂಗಳು ಪುಸ್ತಕವೂ ಇರಲಿ, ಡೇಟಾಬೇಸೂ ಇರಲಿ. ಕೆಲಸ ಡಬಲ್ ಆಗುತ್ತದೆ, ನಿಜ. ಆದರೆ ದಿನಾ ಸಂಜೆ ಕಿರ್ದಿಯ ನಗದು, ಡೇಟಾಬೇಸಿನ ನಗದು ತಾಳೆ ನೋಡಿದರೆ ಎಲ್ಲಿ ಬರೆಯಲು ಮರೆತಿದ್ದೀರಿ ಎಂದು ಅವತ್ತೇ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಒಂದು ಸಾಮಾನು ಆರಿಸಿ, ಗೋಡೌನ್‌ಗೆ ಹೋಗಿ ಎಣಿಸಿ. ಸ್ಟಾಕ್‌ನಲ್ಲಿ ಹೊರಗಿರುವುದು ಕಳೆದರೆ ಗೋಡೌನ್‌ನಲ್ಲಿ ಇರಬೇಕಾದ್ದು ಬರಬೇಕು. ತಾಳೆ ಬರುತ್ತಾ ಹೋದರೆ ಪುಸ್ತಕ ನಿಲ್ಲಿಸಿ.

ಸಹಿ ಹಾಕಿದ ಚೀಟಿಯನ್ನು ಮಾತ್ರ ಬಿಡಬೇಡಿ. ಸಾಮಾನು ಗಾಡಿಗೆ ಏರುವಾಗ ಗಿರಾಕಿ ಕಡೆಯವರು ಎಣಿಸಿ ಸಹಿ ಹಾಕಿದ ಕಾಗದಕ್ಕೆ ಇರುವ ಬೆಲೆ ಪರದೆ ಮೇಲಿನ ಅಂಕಿಗೆ ಇಲ್ಲ. ಬೇಸ್‌ನ ರಿಪೋರ್ಟ್ ಮಾಡಿ ಎರಡು ಪ್ರತಿ ಪ್ರಿಂಟ್ ತೆಗೆಯಿರಿ, ಪ್ರಿಂಟರ್ ಇಲ್ಲದಿದ್ದರೆ ಕೈಯಲ್ಲೇ ಬರೆಯಿರಿ. ಚೀಟಿ ನಂಬರ್ ಎರಡೂ ಕಡೆ ಒಂದೇ ಇದ್ದರೆ ಆಯಿತು.

ಮನೆಯ ಹಿರಿಯರು ಮೊದಮೊದಲು ಒಪ್ಪುವುದಿಲ್ಲ. ಅವರಿಗೆ ಟೈಪ್ ಮಾಡಲು ಹೇಳಬೇಡಿ. ಬೆಳಿಗ್ಗೆಯ ಬಾಕಿ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೈಗೆ ಕೊಡಿ. ಯಾರು ಯಾರ ಕಡೆಯವರು, ಯಾರಿಗೆ ಹೇಗೆ ಫೋನ್ ಮಾಡಬೇಕು ಎಂಬುದು ಅವರಿಗಷ್ಟೇ ಗೊತ್ತು. ಅದನ್ನು ಕೇಳಿ ಗುರುತು ಕಾಲಮ್ಮಿನಲ್ಲಿ ತುಂಬುತ್ತಾ ಹೋಗಿ.

## ಕರೆಂಟು, ಬ್ಯಾಕಪ್, ಎರಡನೇ ಕಂಪ್ಯೂಟರ್

ಬೇಸ್‌ನ ಎಂಬೆಡೆಡ್ ಫೈಲಿನಲ್ಲಿ ಒಂದು ಗುಣ ತಿಳಿದಿರಬೇಕು. ನೀವು ಫಾರ್ಮ್‌ನಲ್ಲಿ ಬರೆದದ್ದು ಮುಖ್ಯ ಫೈಲಿಗೆ ಗಟ್ಟಿಯಾಗಿ ಸೇರುವುದು ಸೇವ್ ಮಾಡಿದಾಗ, ಸರಿಯಾಗಿ ಮುಚ್ಚಿದಾಗ. ನಡುವೆ ಕರೆಂಟ್ ಹೋದರೆ ಅವತ್ತಿನ ಬರಹ ಹೋಗಬಹುದು, ಫೈಲೇ ಕೆಡಲೂಬಹುದು. ಹಾಗಾಗಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಇಡಬೇಡಿ, ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪ್ ಆದರೂ ಸರಿ. ಒಂದೊಂದು ಚೀಟಿ ಮುಗಿದ ಮೇಲೂ ಮುಖ್ಯ ಕಿಟಕಿಗೆ ಬಂದು ಸೇವ್ ಒತ್ತಿ.

ದಿನಾ ಅಂಗಡಿ ಮುಚ್ಚುವಾಗ ಬೇಸ್ ಮುಚ್ಚಿ, ಫೈಲನ್ನು ತಾರೀಖಿನ ಹೆಸರಿನಲ್ಲಿ ನಕಲು ಮಾಡಿ. ಒಂದು ನಕಲು ಪೆನ್‌ಡ್ರೈವ್‌ನಲ್ಲಿ ಮನೆಗೆ ಹೋಗಲಿ, ಒಂದು ಗೂಗಲ್ ಡ್ರೈವ್‌ನಂಥ ಕಡೆ ಇರಲಿ. ಹಳೆಯದರ ಮೇಲೆ ಹೊಸದನ್ನು ಬರೆಯಬೇಡಿ. ಕೆಟ್ಟ ಫೈಲ್ ಒಳ್ಳೆಯ ಫೈಲನ್ನು ಅಳಿಸಿಬಿಡುತ್ತದೆ. ತಿಂಗಳಿಗೊಮ್ಮೆ ಒಂದು ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ದಿನದ ಚೀಟಿ ಕಾಣುತ್ತದಾ ನೋಡಿ.

ಈ ಫೈಲನ್ನು ಒಂದು ಸಲಕ್ಕೆ ಒಬ್ಬರೇ ತೆರೆಯಬಹುದು. ಪೇಟೆಯ ಅಂಗಡಿಯಲ್ಲೂ ಗೋಡೌನ್‌ನಲ್ಲೂ ಏಕಕಾಲಕ್ಕೆ ಬರೆಯಬೇಕು ಅನ್ನುವಷ್ಟು ಕೆಲಸ ಬೆಳೆದರೆ ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಎಂಬ ಸರ್ವರ್ ಡೇಟಾಬೇಸಿಗೆ ಹೋಗಬೇಕು. ಎರಡೂ ಪುಕ್ಕಟೆ, ಬೇಸ್‌ನಿಂದಲೇ ಅವಕ್ಕೆ ಕೊಂಡಿ ಹಾಕಬಹುದು. ಅದನ್ನು ಕೂರಿಸಲು ತಿಳಿದವರೊಬ್ಬರ ಸಹಾಯ ಪಡೆಯಿರಿ. ಟೇಬಲ್ಲುಗಳು ಮಾತ್ರ ಈಗ ಕಟ್ಟಿದ ಈ ಏಳೇ ಇರುತ್ತವೆ, ಮೊಬೈಲ್ ನಂಬರಿನಿಂದ ಹಿಡಿದು ಕಳೆದ ಮೂರು ತಟ್ಟೆಯವರೆಗೆ ಎಲ್ಲ ಸಾಲುಗಳನ್ನೂ ಹಾಗೇ ಸಾಗಿಸಬಹುದು.